ಒಂದೇ ಕ್ರೇಟಿನ ನಾಲ್ಕು ಕಪ್

ಅನಾಹುತ ಆದದ್ದು ಮೊದಲ ಎಲೆಯ ಮೇಲೆಯೇ. ಅದು ಮಹಾಲಿಂಗೇಶ್ವರ ಭಟ್ಟರ ಎಲೆ. ಅರುವತ್ತು ತುಂಬಿದ ಶಾಂತಿಯ ಊಟ, ಮೂಡುಬಿದಿರೆಯ ಸಭಾಭವನದಲ್ಲಿ ಮುನ್ನೂರು ಜನ.

ಹೋಳಿಗೆ ಬಂದು ಹೋಗಿತ್ತು, ಪಾಯಸವೂ ಮುಗಿದಿತ್ತು. ಭಟ್ಟರ ತಮ್ಮನ ಮಗ ಶಶಿಕಿರಣ ತಟ್ಟೆ ಹಿಡಿದು ಬಗ್ಗಿ, ಎಳನೀರು ಪುಡ್ಡಿಂಗಿನ ಕಪ್ಪಿನ ಮುಚ್ಚಳ ತೆಗೆದು ಎಲೆಯ ತುದಿಗೆ ಕವುಚಿದ. ಬಿಳಿಯ ಗುಡ್ಡೆಯೊಂದು ಜಾರಿ ಬಂದು ನಡುಗಿ ನಿಂತಿತು. ಮಕ್ಕಳು ಕೈ ತಟ್ಟಿದರು. ಆಮೇಲೆ ಅನನಾಸಿನ ಕಪ್ಪನ್ನು ಕವುಚಿದ.

ಹಳದಿ ನೀರು ಸುರಿಯಿತು. ಎಲೆಯ ಮೇಲೆ ಹರಿದು, ಪಲ್ಯದ ಬದಿಯಿಂದ ಸುತ್ತಿ, ಭಟ್ಟರ ಹೊಸ ಪಂಚೆಯ ಮೇಲೆ ಇಳಿಯಿತು.

"ಎಂತದಿದು? ಪುಡ್ಡಿಂಗಾ, ಪಾನಕವಾ?" — ಸಾಲಿನ ಯಾರೋ ಹಿರಿಯರು ಕೇಳಿದರು. ನಾಲ್ಕು ಜನ ನಕ್ಕರು. ಭಟ್ಟರು ನಗಲಿಲ್ಲ.

ಶಶಿಕಿರಣ ಎರಡನೇ ಕಪ್ ತೆಗೆದ. ನೀರು. ಮೂರನೆಯದು. ನೀರು. ತಟ್ಟೆ ಹಿಂದಕ್ಕೆ ಹೋಯಿತು. ಸ್ಟೋರ್ ರೂಮಿನ ದೊಡ್ಡ ಫ್ರಿಜ್ಜಿನಲ್ಲಿದ್ದ ಅನನಾಸಿನ ಎಂಟು ಕ್ರೇಟುಗಳನ್ನೂ ಅಲ್ಲಾಡಿಸಿ ನೋಡಿದರು. ಮುನ್ನೂರಿಪ್ಪತ್ತು ಕಪ್ ಅನನಾಸು, ಒಂದೂ ಬಿಡದೆ ನೀರು. ಎಳನೀರಿನದ್ದು ಮಾತ್ರ ಮುನ್ನೂರಿಪ್ಪತ್ತೂ ಗಟ್ಟಿ.

ಭವ್ಯಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ಆರುನೂರ ನಲುವತ್ತು ಕಪ್ ಅವಳ ಕೈಯವು. ಮಡಂತ್ಯಾರಿನ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ವರ್ಷದಿಂದ ಅವಳು ಒಬ್ಬರಿಗೊಂದರಂತೆ ಸಣ್ಣ ಕಪ್ಪಿನ ಸಿಹಿ ಮಾಡಿಕೊಡುತ್ತಿದ್ದಳು. ಹೋಳಿಗೆ, ಪಾಯಸ ಆದ ಮೇಲೆ ದೊಡ್ಡ ಕಪ್ ಯಾರೂ ಮುಗಿಸುವುದಿಲ್ಲ. ಮೂರು ಚಮಚದಲ್ಲಿ ಮುಗಿಯಬೇಕು, ನಾಲ್ಕನೆಯದನ್ನು ಬಾಯಿ ಕೇಳಬೇಕು — ಇದು ಅವಳ ಲೆಕ್ಕ. ಆ ಲೆಕ್ಕ ಇವತ್ತಿನವರೆಗೆ ತಪ್ಪಿರಲಿಲ್ಲ.

"ವ್ಯಾನ್ ಯಾರದ್ದು?" — ರವಿಶಂಕರನ ದನಿ. ಭಟ್ಟರ ಮಗ, ಬಂಟ್ವಾಳದಲ್ಲಿ ವಕೀಲ. ಇಡೀ ಊಟದ ಏರ್ಪಾಡು ಅವನದ್ದು.

"ಹನೀಫಾನದ್ದು," ಎಂದಳು ಭವ್ಯಶ್ರೀ. "ಬಿ.ಸಿ.ರೋಡಿನ ಐಸ್‌ಕ್ರೀಮ್ ವ್ಯಾನ್."

"ಕೂಲಿಂಗ್ ಬಂದ್ ಮಾಡಿದ್ದಾನೆ. ಬೇರೆ ಎಂತ ಆಗ್ಲಿಕ್ಕುಂಟು?"

ಆ ಮಾತು ಕೇಳಿ ಅವಳ ಎದೆಯ ಮೇಲಿಂದ ಕಲ್ಲೊಂದು ಇಳಿದಂತಾಯಿತು. ತನ್ನ ಮೇಲೆ ಬರಬೇಕಾದ್ದು ಬೇರೊಬ್ಬನ ಮೇಲೆ ಹೋಯಿತು. ಅವಳು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

* * *

ಊಟದ ಎರಡನೇ ಪಂಕ್ತಿ ಏಳುವಷ್ಟರಲ್ಲಿ ಹನೀಫಾನನ್ನೂ ಭವ್ಯಶ್ರೀಯನ್ನೂ ಸ್ಟೋರ್ ರೂಮಿಗೆ ಕರೆಸಿದ್ದರು. ಹನೀಫಾ ಮೂವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದಿದ್ದ.

ರವಿಶಂಕರ ಮೊಬೈಲು ಹಿಡಿದು ನಿಂತಿದ್ದ. ಕ್ಯಾಟರಿಂಗಿನವರ ವಾಟ್ಸ್ಆಪ್ ಗುಂಪು ತೆರೆದಿತ್ತು; ಈ ಊಟದ ಏರ್ಪಾಡಿಗೆಂದು ಅವನೂ ಶಶಿಕಿರಣನೂ ಅದಕ್ಕೆ ಸೇರಿದ್ದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡುಗೆಯವರು, ಸಭಾಭವನದವರು, ಶಾಮಿಯಾನದವರು ಎಲ್ಲ ಅದರಲ್ಲಿದ್ದರು. ಹನೀಫಾ ಇದ್ದ. ಭವ್ಯಶ್ರೀಯೂ ಇದ್ದಳು, ಅವಳನ್ನು ಸೇರಿಸಿದ್ದು ಹನೀಫಾನೇ.

"ಟೈಪ್ ಮಾಡಿ ಆಗಿದೆ," ಎಂದ ರವಿಶಂಕರ. "ಓದ್ತೇನೆ, ಕೇಳು. 'ಈ ವ್ಯಾನಿನವನನ್ನು ಯಾರೂ ಕರೆಯಬೇಡಿ. ನಮ್ಮ ತಂದೆಯ ಶಾಂತಿಯ ದಿನ ಬೇಕಂತಲೇ ಸಿಹಿ ಕೆಡಿಸಿದ್ದಾನೆ.'"

"ಬೇಕಂತಲೇ?" ಹನೀಫಾ ಒಂದು ಹೆಜ್ಜೆ ಮುಂದೆ ಬಂದ. "ಅಣ್ಣಾ, ಆ ಒಂದು ಶಬ್ದ ತೆಗೀರಿ. ವ್ಯಾನ್ ಹಾಳು ಅಂತ ಬೇಕಾದ್ರೆ ಬರೀರಿ. ಆ ಶಬ್ದ ಹಾಕಿದ್ರೆ ನಾನು ಈ ಮೂರೂರಿನಲ್ಲಿ ಮುಖ ಎತ್ತಿ ತಿರುಗುವ ಹಾಗಿಲ್ಲ."

ಅವನು ಹೇಳಿದ್ದು ಸರಿ. ಮದುವೆಯ ಕಾಲ. ಹನೀಫಾ ಎಂಬ ಹೆಸರಿನ ಪಕ್ಕದಲ್ಲಿ 'ಬೇಕಂತಲೇ' ಎಂಬ ಶಬ್ದ ಇಟ್ಟರೆ ಅದು ಪುಡ್ಡಿಂಗಿಗೆ ನಿಲ್ಲುವುದಿಲ್ಲ. ಯಾವ ಊರಿನ ಯಾವ ಬಾಯಿಗೆ ಸಿಕ್ಕಿ ಏನಾಗುತ್ತದೋ ಹೇಳಲಿಕ್ಕಾಗುವುದಿಲ್ಲ. ಅದು ರವಿಶಂಕರನಿಗೂ ಗೊತ್ತಿತ್ತು. ಭವ್ಯಶ್ರೀಗೂ ಗೊತ್ತಿತ್ತು.

"ರವೀ, ಫೋನ್ ಕಿಸೆಗೆ ಹಾಕು."

ಬಾಗಿಲಲ್ಲಿ ವಾಗ್ದೇವಿ ನಿಂತಿದ್ದರು. ಮಹಾಲಿಂಗೇಶ್ವರ ಭಟ್ಟರ ಅಕ್ಕ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಭವ್ಯಶ್ರೀಗೂ ಕಲಿಸಿದ್ದರು. ಈ ಆರ್ಡರು ಅವಳಿಗೆ ಸಿಕ್ಕಿದ್ದು ಅವರ ಮಾತಿನಿಂದಲೇ.

"ಅತ್ತೆ, ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?"

"ಕೇಳದೆ ತೀರ್ಪು ಕೊಡ್ಲಿಕ್ಕೆ ನೀನು ವಕೀಲನಾ, ಜಡ್ಜಾ? ಒಂದು ಗಂಟೆ ತಡಿ. ಆಮೇಲೆ ಬೇಕಾದ್ರೆ ಕಳ್ಸು."

ಊಟಕ್ಕೆ ಕೂತವರು ಮುನ್ನೂರ ಒಂದು ಜನ. ಎಳನೀರಿನ ಹತ್ತೊಂಬತ್ತು ಕಪ್ ಉಳಿದಿದ್ದವು, ಎಲ್ಲವೂ ಕೊನೆಯ ಕ್ರೇಟಿನಲ್ಲಿ. ವಾಗ್ದೇವಿ ಟೀಚರ್ ಫ್ರಿಜ್ ತೆರೆದು ಅದರಿಂದ ನಾಲ್ಕು ಕಪ್ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು.

"ನಾವು ನಾಲ್ಕು ಜನ. ವಿಚಾರಣೆ ಮುಗಿದ ಮೇಲೆ ತಿನ್ನುವ. ನಾನು ಆಗಲೇ ಒಂದು ತಿಂದಿದ್ದೇನೆ. ಒಳ್ಳೆದುಂಟು."

ಯಾರಿಗೂ ತಿನ್ನುವ ಮನಸ್ಸಿರಲಿಲ್ಲ. ಕಿಟಕಿಯ ಹೊರಗೆ ಎಪ್ರಿಲ್ ತಿಂಗಳ ಬಿಸಿಲು ಸುಡುತ್ತಿತ್ತು.

"ಹನೀಫಾ, ಮಡಂತ್ಯಾರಿನಿಂದ ಎಷ್ಟು ಗಂಟೆಗೆ ಹೊರಟೆ?"

"ಏಳೂಕಾಲಕ್ಕೆ ಟೀಚರ್. ಇಲ್ಲಿ ಇಳಿಸುವಾಗ ಒಂಬತ್ತು."

"ಅಷ್ಟು ಹೊತ್ತಿನ ದಾರಿ ಇಲ್ಲವಲ್ಲ?"

ಹನೀಫಾ ಕಾಲ ಬೆರಳು ನೋಡಿದ. "ಸಿದ್ಧಕಟ್ಟೆಯಲ್ಲಿ ನಿಲ್ಸಿದ್ದೆ. ಚಾ ಕುಡಿಲಿಕ್ಕೆ. ಕಾಲು ಗಂಟೆ."

"ಇಂಜಿನ್?"

"ಬಂದ್ ಮಾಡಿದ್ದೆ."

"ನೋಡಿ!" ರವಿಶಂಕರ ಚಪ್ಪಾಳೆ ಹೊಡೆದ. "ಬಾಯಲ್ಲೇ ಬಂತು!"

"ಕಾಲು ಗಂಟೆಗೆ ಏನೂ ಆಗುದಿಲ್ಲ ಅಣ್ಣಾ. ಬಾಗಿಲು ತೆಗೀದಿದ್ರೆ ಒಳಗೆ ಐಸೇ ಕರಗುದಿಲ್ಲ. ನಾನು ಸುಳ್ಳು ಹೇಳುದಾದ್ರೆ ಚಾದ ವಿಷಯ ಯಾಕೆ ಹೇಳ್ತಿದ್ದೆ?" ಅವನು ತಟ್ಟನೆ ತಿರುಗಿದ. "ಭವ್ಯಕ್ಕ, ನೀವೇ ಹೇಳಿ. ಇಲ್ಲಿ ಇಳಿಸುವಾಗ ನೀವೂ ಕೈ ಹಾಕಿದ್ದೀರಲ್ಲ? ತಣ್ಣಗಿತ್ತಲ್ಲ?"

ಎಲ್ಲರೂ ಅವಳನ್ನು ನೋಡಿದರು.

ತಣ್ಣಗಿತ್ತು. ಬಸ್ಸಿನಲ್ಲಿ ಮೊದಲೇ ಬಂದು ಕಾದಿದ್ದ ಅವಳು ವ್ಯಾನಿನ ಬಾಗಿಲು ತೆಗೆದೊಡನೆ ಮೊದಲ ಕ್ರೇಟು ಎತ್ತಿದ್ದಳು. ಬೆರಳು ಜುಮ್ಮೆಂದು ಮರಗಟ್ಟಿ, ಸೀರೆಯ ಸೆರಗಿನಲ್ಲಿ ಒರೆಸಿಕೊಂಡಿದ್ದಳು. ಅಷ್ಟು ತಣ್ಣಗಿತ್ತು.

"ನಾನು... ಸರಿ ಗಮನಿಸ್ಲಿಲ್ಲ," ಎಂದಳು.

ಹನೀಫಾ ಅವಳನ್ನೇ ನೋಡುತ್ತ ನಿಂತ. ಸಿಟ್ಟಿನಿಂದಲ್ಲ. ಕೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ. ಈ ಎಳನೀರುಗಳನ್ನು ನಿನ್ನೆ ಬೆಳಿಗ್ಗೆ ಕೆತ್ತಿ, ಒಳಗಿನ ಎಳೆ ತಿರುಳು ತೆಗೆದು ಕೊಟ್ಟದ್ದು ಅವನ ತಾಯಿ ಮೈಮೂನಮ್ಮ. 'ಭವ್ಯನ ದೊಡ್ಡ ಆರ್ಡರು' ಎಂದು ತನ್ನ ಎಳನೀರು ಅಂಗಡಿಯ ಗಿರಾಕಿಗಳನ್ನು ಬಿಟ್ಟು ಕೂತು ಕೆತ್ತಿದ್ದಳು.

ಭವ್ಯಶ್ರೀ ಹೇಳದೆ ಉಳಿಸಿಕೊಂಡ ಮಾತು ಎರಡಿದ್ದವು. ಒಂದು, ಈ ಬೆರಳಿನದ್ದು. ಇನ್ನೊಂದು ಮನೆಯ ಬಚ್ಚಲೊಲೆಯಲ್ಲಿ ಬೂದಿಯಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅನನಾಸು ಯಾಕೆ ನೀರಾಯಿತೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

* * *

"ಕೀಲಿ ಯಾರ ಹತ್ತಿರ ಇತ್ತು?" ಟೀಚರ್ ಮುಂದುವರಿಸಿದರು.

ಕೀಲಿ ಸ್ವರ್ಣಲತಾಳ ಹತ್ತಿರ ಇತ್ತು. ಅವಳನ್ನೂ ಒಳಗೆ ಕರೆದರು. ಸಭಾಭವನದ ಸ್ಟೋರ್ ನೋಡಿಕೊಳ್ಳುವ ಗಟ್ಟಿ ಹೆಂಗಸು. ಅವಳ ಗಂಡ ಐಸ್‌ಕ್ರೀಮ್ ಸಪ್ಲೈ ಮಾಡುವವನು. ಭವ್ಯಶ್ರೀಯ ಕಪ್ ಬಂದ ಮೇಲೆ ಅವನ ವ್ಯಾಪಾರ ಅರ್ಧವಾಗಿತ್ತು.

"ಒಂಬತ್ತರಿಂದ ಹನ್ನೆರಡೂವರೆವರೆಗೆ ಈ ಬಾಗಿಲು ಯಾರು ತೆಗೆದರು?"

"ಯಾರೂ ಇಲ್ಲ. ನಾನೇ ಎರಡು ಸಲ. ಮೊಸರಿಗೆ ಒಂದು ಸಲ, ತುಪ್ಪಕ್ಕೆ ಒಂದು ಸಲ."

"ಫ್ರಿಜ್ ಬಂದ್ ಆಗಿತ್ತಾ?"

"ಮೇಲಿನ ಖಾನೆಯಲ್ಲಿ ಐಸ್ ಉಂಟು. ಬೇಕಾದ್ರೆ ತಲೆ ಮೇಲೆ ಇಡ್ತೇನೆ, ನೋಡಿ."

"ಸ್ವರ್ಣಾ, ಈ ಆರ್ಡರ್ ನಿನ್ನ ಗಂಡನಿಗೆ ಸಿಗ್ಲಿಲ್ಲ ಅಂತ ಬೇಜಾರಿತ್ತಾ?"

"ಇಲ್ಲದೆ? ಬೇಜಾರು ಇತ್ತು, ಈಗ್ಲೂ ಉಂಟು." ಸ್ವರ್ಣಲತಾ ಸೊಂಟಕ್ಕೆ ಕೈಯಿಟ್ಟಳು. "ಆದ್ರೆ ಟೀಚರೇ, ನಾನು ಕೆಡಿಸುದಾದ್ರೆ ಅನನಾಸು ಮಾತ್ರ ಯಾಕೆ ಕೆಡಿಸ್ಲಿ? ಎಳನೀರಿನದ್ದು ಎಂತ ನನ್ನ ಅಕ್ಕನ ಮಗಳಾ?"

ರವಿಶಂಕರನಿಗೂ ನಗು ಬಂತು. ವಾಗ್ದೇವಿ ಟೀಚರ್ ನಗಲಿಲ್ಲ.

"ಸರಿಯಾದ ಪ್ರಶ್ನೆ," ಎಂದರು. "ಇಷ್ಟು ಹೊತ್ತು ಯಾರೂ ಕೇಳದ ಪ್ರಶ್ನೆ. ಒಂದೇ ವ್ಯಾನ್, ಒಂದೇ ಫ್ರಿಜ್. ಅನನಾಸು ಮಾತ್ರ ಯಾಕೆ?"

"ಅನನಾಸಿನ ಕ್ರೇಟು ಬಾಗಿಲ ಹತ್ತಿರ ಇಟ್ಟಿರ್ಬಹುದು," ಎಂದ ರವಿಶಂಕರ.

"ಹನೀಫಾ?"

"ಇಲ್ಲ ಟೀಚರ್. ಒಂದರ ಮೇಲೆ ಒಂದು ಇಟ್ಟದ್ದು. ಕೆಳಗೆ ಅನನಾಸು, ಮೇಲೆ ಎಳನೀರು. ಮೇಲಿನದ್ದೇ ಮೊದ್ಲು ಬಿಸಿ ಆಗ್ಬೇಕು."

ಟೀಚರ್ ಭವ್ಯಶ್ರೀಯ ಕಡೆ ತಿರುಗಿದರು. "ಭವ್ಯ, ನೀನು ಎಷ್ಟು ಕಪ್ ಅಂತ ಮೊದಲು ಹಾಕಿದ್ದೆ?"

"ಮುನ್ನೂರಿಪ್ಪತ್ತು ಟೀಚರ್. ಮುನ್ನೂರು ಜನಕ್ಕೆ ಎಲೆಗೊಂದು, ಇಪ್ಪತ್ತು ಹೆಚ್ಚು. ಅರ್ಧ ಎಳನೀರು, ಅರ್ಧ ಅನನಾಸು. ಪ್ರಾಯ ಆದವರಿಗೆ ಎಳನೀರು, ಮಕ್ಕಳಿಗೆ ಅನನಾಸು ಅಂತ."

"ಮತ್ತೆ ಆರುನೂರ ನಲುವತ್ತು ಹೇಗಾಯ್ತು?"

ಭವ್ಯಶ್ರೀ ರವಿಶಂಕರನ ಕಡೆ ನೋಡಿದಳು. ಅವನೇ ಹೇಳಿದ. "ಶುಕ್ರವಾರ ನಾನು ಫೋನ್ ಮಾಡಿದ್ದೆ ಅತ್ತೆ. ಅಪ್ಪ ಹೇಳಿದ್ರು — ಒಂದು ಎಲೆಗೆ ಬಿಳಿ, ಪಕ್ಕದ ಎಲೆಗೆ ಹಳದಿ ಹಾಕಿದ್ರೆ ಪಂಕ್ತಿಭೇದ ಆಗ್ತದೆ. ಸಾಲಿನಲ್ಲಿ ಕೂತವರಿಗೆಲ್ಲ ಒಂದೇ ರೀತಿ ಬಡಿಸ್ಬೇಕು. ಹಾಗಾಗಿ ಎಲ್ಲರಿಗೂ ಎರಡೆರಡು ಅಂತ ಮಾಡಿಸಿದೆ."

"ಶುಕ್ರವಾರ. ಊಟ ಭಾನುವಾರ. ಎರಡು ದಿನದಲ್ಲಿ ದುಪ್ಪಟ್ಟು." ಟೀಚರ್ ಕನ್ನಡಕ ತೆಗೆದು ಒರೆಸಿದರು. "ಹಣ್ಣು ಸಿಕ್ಕಿತಾ ಭವ್ಯ?"

"ಸಿಕ್ಕಿತು. ಅಪ್ಪ ರಬ್ಬರ್ ಸಸಿಗಳ ನಡುವೆ ಅನನಾಸು ಹಾಕಿದ್ದಾರೆ. ಅಲ್ಲಿಂದಲೇ."

"ಹಸಿ ಹಣ್ಣೇ? ಬೇಯಿಸಿ ಹಾಕ್ತೀಯಾ?"

"ಬೇಯಿಸಿದ್ರೆ ಪರಿಮಳ ಹೋಗ್ತದೆ ಟೀಚರ್. ತುರಿದು ಹಸಿಯಾಗಿಯೇ. ಯಾವಾಗಲೂ ಹಾಗೆ."

"ಯಾವಾಗಲೂ ಗಟ್ಟಿಯಾಗಿದೆ?"

"ಯಾವಾಗಲೂ."

"ಗಟ್ಟಿ ಆಗ್ಲಿಕ್ಕೆ ಹಾಕುವ ಚೈನಾಗ್ರಾಸ್ ಸಾಕಾಯ್ತಾ?"

ಭವ್ಯಶ್ರೀ ಸೆರಗು ಸರಿಮಾಡಿಕೊಂಡಳು.

"ಸಾಕಾಯ್ತು," ಎಂದಳು ಭವ್ಯಶ್ರೀ.

ವಾಗ್ದೇವಿ ಟೀಚರ್ ಫೋನು ತೆಗೆದುಕೊಂಡು ಜಗಲಿಗೆ ಹೋದರು. ಸ್ಟೋರ್ ರೂಮಿನ ಕಿಟಕಿ ಜಗಲಿಗೇ ತೆರೆಯುತ್ತಿತ್ತು. ಈ ಕಡೆಯ ಮಾತು ಮಾತ್ರ ಒಳಗೆ ಬಂತು.

"ಸೇಸಮ್ಮಾ? ನಾನು ವಾಗ್ದೇವಿ ಟೀಚರ್... ಊಟ ಆಯ್ತು, ನಿಮ್ಮದು?... ಭವ್ಯ ಇಲ್ಲೇ ಇದ್ದಾಳೆ. ಒಂದು ಸಣ್ಣ ವಿಷಯ. ಚೈನಾಗ್ರಾಸ್ ನೆನೆಹಾಕಿದ್ದು ಯಾರು?... ನೀವೇ. ಎಷ್ಟು ಪಾತ್ರೆ?... ಓ. ಮತ್ತೆ?... ಬಿ.ಸಿ.ರೋಡಿಗೆ. ಹೌದಾ... ಬೆಳಿಗ್ಗೆ ಅಲ್ಲಾಡ್ತಿತ್ತಾ? ನೀವು ಹೇಳಿದಿರಿ, ಅವಳೆಂತ ಹೇಳಿದಳು?... ಸರಿ... ಬಚ್ಚಲೊಲೆಯಲ್ಲಾ? ಎಂತ ವಾಸನೆ?"

ಕಿಟಕಿಯಾಚೆ ಟೀಚರ್ ನಡೆಯುವುದನ್ನು ನಿಲ್ಲಿಸಿದರು.

"ಕೂದಲು ಸುಟ್ಟ ಹಾಗೆ. ಸರಿ ಸೇಸಮ್ಮ. ಇಲ್ಲ ಇಲ್ಲ, ಗಾಬರಿ ಮಾಡ್ಬೇಡಿ. ಇಡ್ತೇನೆ."

ಭವ್ಯಶ್ರೀ ಕಿಟಕಿಯಿಂದ ಹಿಂದೆ ಸರಿದಳು. ಅವಳ ಅಮ್ಮ ಸೇಸಮ್ಮನಿಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ. ಏನನ್ನು ಮುಚ್ಚಿಡಬೇಕೆಂದು ಮಗಳು ಅವಳಿಗೆ ಹೇಳಿಯೂ ಇರಲಿಲ್ಲ.

* * *

ಗಂಟೆ ಮೂರು ಹೊಡೆಯುವಾಗ ಟೀಚರ್ ಒಳಗೆ ಬಂದು ಬಾಗಿಲು ಎಳೆದುಕೊಂಡರು.

"ರವೀ, ನಿನ್ನ ವಾದ ಹೇಳು. ಒಂದೇ ವಾಕ್ಯದಲ್ಲಿ."

"ಹನೀಫಾ ಕೂಲಿಂಗ್ ಬಂದ್ ಮಾಡಿದ, ಬಿಸಿಗೆ ಪುಡ್ಡಿಂಗ್ ಕರಗಿತು."

"ಒಳ್ಳೆದು. ಚೈನಾಗ್ರಾಸ್ ಅಂದ್ರೆ ಎಂತ ಗೊತ್ತುಂಟಾ?"

"ಅದೇ... ಗಟ್ಟಿ ಮಾಡುವಂಥದ್ದು."

"ಕಡಲ ಪಾಚಿ. ನೆನೆಸಿ, ಕುದಿಸಿ ಹಾಕುವುದು. ಒಮ್ಮೆ ಗಟ್ಟಿಯಾದ ಮೇಲೆ ಅದನ್ನು ಕರಗಿಸ್ಬೇಕಾದ್ರೆ ಮತ್ತೆ ಒಲೆಯ ಮೇಲೆ ಇಟ್ಟು ಕುದಿಸ್ಬೇಕು. ಬಿಸಿಲಿಗೆ ಕರಗುವುದಿಲ್ಲ. ವ್ಯಾನಿನಲ್ಲಿ ಕರಗುವುದಿಲ್ಲ. ಹನೀಫಾ ಕೂಲಿಂಗ್ ಹಾಕದೆ ಚಾರ್ಮಾಡಿ ಘಾಟಿ ಹತ್ತಿ ಇಳಿದು ಬಂದ್ರೂ ಕರಗುವುದಿಲ್ಲ. ಭವ್ಯ, ಮೊದಲ ಸಲ ನನ್ನ ಮನೆಗೆ ಕಪ್ ತಂದಾಗ ನೀನೇ ಹೇಳಿದ್ದೆ — 'ಟೀಚರ್, ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಇಟ್ಟರೂ ನಿಲ್ತದೆ' ಅಂತ. ನೆನಪುಂಟಾ?"

ಅವಳು ತಲೆಯಾಡಿಸಿದಳು.

"ಹಾಗಾದ್ರೆ ಹನೀಫಾನ ಮೇಲಿನ ಅಪವಾದ ನಿಲ್ಲುವುದಿಲ್ಲ. ಬಿಸಿಗೆ ಕರಗಿತು ಅಂತ ಯಾರು ಹೇಳಿದ್ರೂ ಅದರ ಅರ್ಥ ಒಂದೇ. ಕಪ್ಪಿನಲ್ಲಿ ಇದ್ದದ್ದು ಚೈನಾಗ್ರಾಸ್ ಅಲ್ಲ."

ರವಿಶಂಕರ ಫ್ರಿಜ್ಜಿನ ಕಡೆ ನೋಡಿದ.

"ಆದ್ರೆ ಎಳನೀರಿನದ್ದು ಗಟ್ಟಿ ಇತ್ತಲ್ಲ?" ಎಂದಳು ಸ್ವರ್ಣಲತಾ.

"ಇತ್ತು. ಈಗ?"

ಟೀಚರ್ ಕಿಟಕಿಯ ಕಟ್ಟೆಗೆ ಹೋದರು. ಅಲ್ಲಿ ಆ ನಾಲ್ಕು ಕಪ್ ಇದ್ದವು. ಒಂದು ಗಂಟೆಯಿಂದ ಎಲ್ಲರ ಕಣ್ಣೆದುರೇ ಇದ್ದವು. ಯಾರೂ ನೋಡಿರಲಿಲ್ಲ.

ಟೀಚರ್ ಮೊದಲನೆಯದನ್ನು ವಾಲಿಸಿದರು. ಬಿಳಿಯ ನೀರು ಒಂದು ಬದಿಗೆ ಹರಿಯಿತು. ಎರಡನೆಯದು. ಹರಿಯಿತು. ಮೂರನೆಯದು ಕಲ್ಲಿನಂತೆ ನಿಂತಿತು; ಪೂರ್ತಿ ವಾಲಿಸಿದರೂ ಹರಿಯಲಿಲ್ಲ. ನಾಲ್ಕನೆಯದು ಹರಿಯಿತು.

"ಒಂದೇ ಕ್ರೇಟಿನ ನಾಲ್ಕು ಕಪ್. ಒಂದೇ ವ್ಯಾನ್, ಒಂದೇ ಫ್ರಿಜ್, ಒಂದೇ ಬಿಸಿಲು. ಒಂದು ನಿಂತಿತು, ಮೂರು ಕರಗಿತು. ಇದರಲ್ಲಿ ಹನೀಫಾ ಎಲ್ಲಿದ್ದಾನೆ ರವೀ? ಈ ವ್ಯತ್ಯಾಸ ಕಪ್ಪಿಗೆ ಹೊಯ್ಯುವಾಗಲೇ ಆದದ್ದು. ಹೊಯ್ದ ಕೈಗೇ ಗೊತ್ತು."

ಅವರು ಭವ್ಯಶ್ರೀಯ ಎದುರು ಬಂದು ನಿಂತರು. ಹತ್ತನೇ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಹೇಳದ ಹುಡುಗಿಯ ಎದುರು ನಿಲ್ಲುತ್ತಿದ್ದ ಹಾಗೆಯೇ.

"ನೀನು ಹೇಳ್ತೀಯಾ, ನಾನು ಹೇಳ್ಬೇಕಾ?"

ಭವ್ಯಶ್ರೀ ಹನೀಫಾನ ಕಡೆ ನೋಡಿದಳು.

"ತಣ್ಣಗಿತ್ತು," ಎಂದಳು.

"ಎಂತ?"

"ಕ್ರೇಟು. ಇಳಿಸುವಾಗ. ನನ್ನ ಬೆರಳು ಮರಗಟ್ಟಿತು. ನಾನು ಸುಳ್ಳು ಹೇಳಿದೆ."

ಹನೀಫಾ ಗೋಡೆಗೆ ಒರಗಿದ.

"ಮುಂದೆ ಹೇಳು," ಎಂದರು ಟೀಚರ್.

ಅವಳು ಹೇಳಿದಳು. ಚೈನಾಗ್ರಾಸ್ ಇದ್ದದ್ದು ಇನ್ನೂರ ತೊಂಬತ್ತು ಕಪ್ಪಿಗೆ ಮಾತ್ರ. ಎಳನೀರಿನದ್ದು ಮುಗಿಯಲಿಕ್ಕೆ ಇನ್ನೂ ಮೂವತ್ತು ಕಪ್ ಇತ್ತು, ಅನನಾಸು ಪೂರ್ತಿ ಬಾಕಿ. ಮಡಂತ್ಯಾರಿನಲ್ಲಿ ಕೇಳಿದಳು, ಬೆಳ್ತಂಗಡಿಗೆ ಫೋನ್ ಮಾಡಿದಳು, ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೋದಳು. ಎಲ್ಲೂ ಇರಲಿಲ್ಲ. ಕೇಕಿನ ಸಾಮಾನಿನ ಅಂಗಡಿಯವನು ಬೇರೊಂದು ಪುಡಿ ತೋರಿಸಿದ. ಜೆಲಾಟಿನ್. ಪ್ಯಾಕೆಟ್ಟಿನ ಮೂಲೆಯಲ್ಲಿ ಮಾಂಸಾಹಾರದ ಕಂದು ಗುರುತು ಇತ್ತು. ನೋಡಿದಳು. ನೋಡಿಯೇ ತಂದಳು.

"ಆಗುದಿಲ್ಲ ಅಂತ ನಿಮಗೆ ಫೋನ್ ಮಾಡ್ಲಿಕ್ಕೆ ನಾಲ್ಕು ಸಲ ನಂಬರ್ ತೆಗೆದೆ," ಎಂದಳು ರವಿಶಂಕರನಿಗೆ. "ಮಾಡ್ಲಿಲ್ಲ. ಭಟ್ರ ಮನೆಯ ಆರ್ಡರು ಒಂದು ಸಲ ಬಿಟ್ಟರೆ ಮತ್ತೆ ಸಿಗುದಿಲ್ಲ ಅಂತ... ಯಾರಿಗೂ ಗೊತ್ತಾಗುದಿಲ್ಲ ಅಂತ ಎಣಿಸಿದೆ. ಪ್ಯಾಕೆಟ್ ಬಚ್ಚಲೊಲೆಗೆ ಹಾಕಿದೆ. ಆದ್ರೆ ಅನನಾಸು ಯಾಕೆ ಕೆಟ್ಟಿತು ಅಂತ ನನಗೆ ದೇವರಾಣೆ ಗೊತ್ತಿಲ್ಲ ಟೀಚರ್."

"ನಿನ್ನ ಅಮ್ಮ ಕೋರಿ ಪದಾರ್ಥಕ್ಕೆ ಹಸಿ ಪಪ್ಪಾಯಿ ತುಂಡು ಹಾಕ್ತಾರಾ?"

"ಹಾಕ್ತಾರೆ. ಊರ ಕೋಳಿಯಾದ್ರೆ. ಮಾಂಸ ಬೇಗ ಮೆತ್ತಗಾಗ್ಲಿಕ್ಕೆ."

"ಪಪ್ಪಾಯಿ ಮಾಡುವ ಕೆಲಸವನ್ನೇ ಹಸಿ ಅನನಾಸು ಮಾಡ್ತದೆ. ಮಾಂಸದ ಸತ್ವವನ್ನು ಕತ್ತರಿಸಿ ಹಾಕ್ತದೆ. ಜೆಲಾಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಪಾಚಿಗೆ ಅನನಾಸು ಏನೂ ಮಾಡುವುದಿಲ್ಲ, ಹಾಗಾಗಿ ಎರಡು ವರ್ಷ ನಿನಗೆ ಗೊತ್ತಾಗ್ಲಿಲ್ಲ. ನಿನ್ನೆ ಮೊದಲ ಸಲ ಅದಕ್ಕೆ ತಿನ್ನಲಿಕ್ಕೆ ಸಿಕ್ಕಿತು, ತಿಂದಿತು. ಮುನ್ನೂರಿಪ್ಪತ್ತು ಕಪ್ಪಿನಲ್ಲೂ. ಬೆಳಿಗ್ಗೆ ಅಲ್ಲಾಡ್ತಿತ್ತು ಅಂತ ಅಮ್ಮ ಹೇಳಿದ್ರು. ನೀನೆಂತ ಹೇಳಿದೆ?"

"'ವ್ಯಾನಿನಲ್ಲಿ ಗಟ್ಟಿಯಾಗ್ತದೆ' ಅಂತ."

"ವ್ಯಾನಿನ ಮೇಲೆ ಅಷ್ಟು ನಂಬಿಕೆ ಇತ್ತಲ್ಲ ನಿನಗೆ. ಆ ಕೂದಲು ಸುಟ್ಟ ವಾಸನೆ ಕೇಳಿದಾಗ ನನಗೆ ಸಂಶಯ ಉಳೀಲಿಲ್ಲ. ಪಾಚಿ ಸುಟ್ಟರೆ ಹಾಗೆ ನಾರುವುದಿಲ್ಲ." ಟೀಚರ್ ದನಿ ಏರಿಸಲಿಲ್ಲ. "ಪುಡ್ಡಿಂಗ್ ಕೆಡಿಸಿದ್ದು ನೀನು ಭವ್ಯ. ಅದು ಗೊತ್ತಿಲ್ಲದೆ ಮಾಡಿದ್ದು. ಹನೀಫಾನನ್ನು ಕೆಡಿಸ್ಲಿಕ್ಕೆ ಹೊರಟದ್ದು ಗೊತ್ತಿದ್ದೇ. ನಾನು ಎಣಿಸಿದ್ದು ಇದನ್ನಲ್ಲ ನಿನ್ನಿಂದ."

* * *

ರವಿಶಂಕರ ಮುಂದೆ ಬಂದ. ಮುಖ ಕೆಂಪಾಗಿತ್ತು. "ಅತ್ತೆ, ಅನನಾಸು ಯಾರೂ ತಿನ್ಲಿಲ್ಲ. ಆದ್ರೆ ಎಳನೀರು? ಮೂವತ್ತು ಕಪ್ ಅಂದಳಲ್ಲ?"

ಸ್ವರ್ಣಲತಾ ಫ್ರಿಜ್ಜಿನಿಂದ ಉಳಿದ ಹದಿನೈದು ಕಪ್ ತಂದು ಬಿಸಿಲಿಗೆ ಸಾಲಾಗಿ ಇಟ್ಟಳು. ಎಲ್ಲರೂ ಸುತ್ತ ನಿಂತು ಕಾದರು. ಹೊರಗೆ ನೆಂಟರು ಎಲೆ ಅಡಿಕೆ ಮೆಲ್ಲುತ್ತ ನಗುತ್ತಿದ್ದರು. ಯಾರೋ ಯಾರನ್ನೋ ಕಾರಿಗೆ ಕರೆಯುತ್ತಿದ್ದರು. ಅರ್ಧ ಗಂಟೆ ಕಳೆದು ಟೀಚರ್ ಒಂದೊಂದನ್ನೇ ವಾಲಿಸಿ ನೋಡಿದರು. ಒಂಬತ್ತು ಹರಿದವು.

"ಮೂರು ಮತ್ತು ಒಂಬತ್ತು, ಹನ್ನೆರಡು," ಎಂದರು. "ಮೂವತ್ತರಲ್ಲಿ ಹನ್ನೆರಡು ಇಲ್ಲುಂಟು. ಹದಿನೆಂಟು ಹೊಟ್ಟೆಗೆ ಹೋಗಿದೆ."

"ಯಾರ ಹೊಟ್ಟೆಗೆ?"

"ಅದನ್ನು ಪತ್ತೆಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ. ಕೊನೆಯ ಕ್ರೇಟು ಮುಟ್ಟಿದ್ದು ಎರಡನೇ ಪಂಕ್ತಿಗೆ. ಆ ಪಂಕ್ತಿಯಲ್ಲಿ ನಾನಿದ್ದೆ. ಪುರೋಹಿತರಿದ್ರು. ನಿನ್ನ ಅಮ್ಮ ಇದ್ದಳು. ಒಳ್ಳೆದುಂಟು ಅಂತ ನಾನೇ ಬಂದು ಹೇಳಿದ್ದು." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು, ಊಟವಾಗಿ ಎರಡು ಗಂಟೆ ದಾಟಿತ್ತು. "ಪಂಕ್ತಿಭೇದ ಆಗ್ಬಾರ್ದು ಅಂತ ಎರಡೆರಡು ಮಾಡಿಸಿದೆಯಲ್ಲ ರವೀ. ಹದಿನೆಂಟು ಎಲೆಗೆ ಬೇರೆಯೇ ಬಡಿಸಿ ಆಯ್ತು."

ರವಿಶಂಕರ ಭವ್ಯಶ್ರೀಯನ್ನು ನೋಡಲಿಲ್ಲ. "ಅಪ್ಪನಿಗೆ ನಾನು ಹೇಳುವುದಿಲ್ಲ," ಎಂದ. "ಇವಳೇ ಹೇಳ್ಲಿ."

"ಹೇಳ್ತೇನೆ," ಎಂದಳು.

"ಅದಕ್ಕೆ ಮೊದಲು ಇನ್ನೊಂದು ಉಂಟು," ಎಂದರು ಟೀಚರ್. "ರವೀ, ಆ ಗುಂಪಿಗೆ ಎಂತಾದ್ರೂ ಹೋಗಿದೆಯಾ?"

ರವಿಶಂಕರ ಮೊಬೈಲು ತೆಗೆದ. ಬರೆದಿಟ್ಟದ್ದು ಹಾಗೆಯೇ ಇತ್ತು, ಕಳಿಸಿರಲಿಲ್ಲ. ಆದರೆ ಶಶಿಕಿರಣ ಊಟದ ಮಧ್ಯೆಯೇ ಹಳದಿ ನೀರಿನ ಫೋಟೋ ಹಾಕಿ 'ಹನೀಫಾನ ವ್ಯಾನ್' ಎಂದು ಬರೆದಿದ್ದ. ಕೆಳಗೆ ಆಗಲೇ ನಲುವತ್ತು ಉತ್ತರ. ಓದುವಂಥವಲ್ಲ.

ಭವ್ಯಶ್ರೀ ತನ್ನ ಫೋನು ತೆಗೆದಳು. ನಿಂತಲ್ಲೇ ಬರೆದಳು. 'ಇವತ್ತು ಮೂಡುಬಿದಿರೆಯಲ್ಲಿ ಸಿಹಿ ಕೆಟ್ಟದ್ದು ನನ್ನಿಂದ. ಚೈನಾಗ್ರಾಸ್ ಬದಲು ಜೆಲಾಟಿನ್ ಹಾಕಿದ್ದೆ, ಹೇಳದೆ. ಹನೀಫಾನ ವ್ಯಾನ್ ಸರಿ ಇತ್ತು. ಕಪ್ ತಣ್ಣಗಿತ್ತು. ಕೇಳಿದಾಗ ಅದನ್ನೂ ನಾನು ಹೇಳಲಿಲ್ಲ. — ಭವ್ಯಶ್ರೀ, ಮಡಂತ್ಯಾರು.' ಎರಡು ಸಲ ಓದಿದಳು. ಚಂದ ಮಾಡಲಿಕ್ಕೆ ಏನೂ ಸಿಗಲಿಲ್ಲ. ಕಳಿಸಿದಳು. ಈ ಮೂರು ತಾಲೂಕಿನಲ್ಲಿ ಇನ್ನು ಅವಳ ಕಪ್ಪನ್ನು ಯಾರೂ ಎಲೆಗೆ ಹಾಕಿಸುವುದಿಲ್ಲ. ಅದು ಬೆರಳು ಒತ್ತುವಾಗಲೇ ಗೊತ್ತಿತ್ತು.

ಹನೀಫಾ ಆಗಲೇ ಹೊರಗೆ ಹೋಗಿ ಖಾಲಿ ಕ್ರೇಟುಗಳನ್ನು ವ್ಯಾನಿಗೆ ಹಾಕುತ್ತಿದ್ದ. ಅವನ ಕಿಸೆಯಲ್ಲಿ ಫೋನು ಸದ್ದು ಮಾಡಿತು. ತೆಗೆದು ನೋಡಲಿಲ್ಲ.

ಭವ್ಯಶ್ರೀ ಬಿಸಿಲಿಗೆ ಇಳಿದು, ಉಳಿದ ಎರಡು ಕ್ರೇಟುಗಳಲ್ಲಿ ಒಂದನ್ನು ಎತ್ತಿದಳು. "ಹನೀಫಾ, ಗುಂಪಿಗೆ ಹಾಕಿದ್ದೇನೆ. ಎಲ್ಲ ಬರೆದಿದ್ದೇನೆ."

ಅವನು ಅವಳ ಕೈಯಿಂದ ಕ್ರೇಟು ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ; ಮೆಲ್ಲಗೆ ತೆಗೆದುಕೊಂಡ.

"ಬಿಡಿ," ಎಂದ. "ನಾನೇ ಇಡ್ತೇನೆ."

ಎರಡು ವರ್ಷದಲ್ಲಿ ಮೊದಲ ಸಲ ಅವನ ಮಾತಿನ ಕೊನೆಯಲ್ಲಿ 'ಭವ್ಯಕ್ಕ' ಇರಲಿಲ್ಲ. ವ್ಯಾನಿನ ಬಾಗಿಲು ಎಳೆಯುವಾಗ ಒಳಗಿನ ತಣ್ಣನೆ ಗಾಳಿ ಒಮ್ಮೆ ಅವಳ ಮುಖಕ್ಕೆ ಬಡಿಯಿತು. ಬಾಗಿಲು ಮುಚ್ಚಿತು.

ಭಟ್ಟರು ಸಭಾಭವನದ ಒಳಗೆ, ಮೊದಲ ಸಾಲಿನ ಕುರ್ಚಿಯಲ್ಲಿ, ಕಲೆಯಾದ ಪಂಚೆಯಲ್ಲೇ ಕೂತಿದ್ದರು. ಅವಳು ಚಪ್ಪಲಿ ಬಿಟ್ಟು ಆ ಕಡೆ ನಡೆದಳು.